ಬುರ್ಖಾ, ಬಸ್ಸು ಮತ್ತು ಮನೆಯೊಳಗಿನ ಒಪ್ಪಂದ

ಆಫೀಸಿನ ಊಟದ ಟೇಬಲ್ಲಿನಲ್ಲಿ ಮುಸ್ಲಿಂ ಹೆಣ್ಮಕ್ಕಳ ವಿಷಯ ಬಂದಾಗಲೆಲ್ಲ ಒಂದು ಮಾತು ಬಂದೇ ಬರುತ್ತೆ: "ಮೊದಲು ಆ ಬುರ್ಖಾ ತೆಗೀಲಿ, ಆಮೇಲೆ ಓದು, ಸ್ವಾತಂತ್ರ್ಯ ಎಲ್ಲ ಮಾತಾಡೋಣ." ಕೇಳೋಕೆ ಪ್ರಗತಿಪರವಾಗೇ ಇದೆ. ನನ್ನ ತಕರಾರಿರೋದು ಅದರೊಳಗಿನ 'ಮೊದಲು' ಮತ್ತು 'ಆಮೇಲೆ' ಅನ್ನೋ ಎರಡು ಪದಗಳ ಬಗ್ಗೆ.

ನಾನು ಹರಿಹರದ ಪಕ್ಕದ ಹಳ್ಳಿಯವನು, ದಾವಣಗೆರೆಯಲ್ಲಿ ಬಿಇ ಮಾಡಿದವನು. ನಮ್ಮೂರಿಂದ ಪಿಯುಸಿಗೆ ಅಂತ ಪೇಟೆಗೆ ಹೋಗ್ತಿದ್ದ ಹುಡುಗಿಯರು, ಯಾವ ಜಾತಿ ಧರ್ಮದವರೇ ಇರಲಿ, ಮನೇಲಿ ಒಂದು ಒಪ್ಪಂದ ಮಾಡಿಕೊಂಡೇ ಹೊರಟವರು. ಐದೂವರೆ ಬಸ್ಸಿಗೆ ವಾಪಸ್ ಬರಬೇಕು. ಹುಡುಗರ ಜೊತೆ ಮಾತಿಲ್ಲ. ಮೊಬೈಲ್ ಕೇಳಂಗಿಲ್ಲ. ವೇಲ್‌ಗೆ ಪಿನ್ ಹಾಕಿರಬೇಕು. ಮುಸ್ಲಿಂ ಹುಡುಗಿಯರ ಒಪ್ಪಂದದಲ್ಲಿ ಬುರ್ಖಾ ಅಂತ ಒಂದು ಕಲಂ ಜಾಸ್ತಿ ಇತ್ತು. (ಕೆಲವರಿಗೆ ಅದು ಒಪ್ಪಂದವೇ ಅಲ್ಲ, ಅವರದೇ ನಂಬಿಕೆ. ಹೊರಗೆ ನಿಂತು ನೋಡೋರಿಗೆ ಯಾರದ್ದು ಯಾವುದು ಅಂತ ಗೊತ್ತಾಗಲ್ಲ.) "ಐದೂವರೆ ಬಸ್ಸಿನ ಗುಲಾಮಗಿರಿ ಬಿಟ್ಟು ಬಾ, ಆಮೇಲೆ ಅಡ್ಮಿಷನ್" ಅಂತ ಯಾವ ಪ್ರಿನ್ಸಿಪಾಲರೂ ನಮ್ಮ ಅಕ್ಕತಂಗಿಯರಿಗೆ ಹೇಳಲಿಲ್ಲ. ಹೇಳಿದ್ದರೆ ಅರ್ಧ ಜನ ಎಸ್ಸೆಸ್ಸೆಲ್ಸಿಗೇ ಮನೇಲಿ ಕೂರ್ತಿದ್ದರು.

2022ರಲ್ಲಿ ಮುಸ್ಲಿಂ ಹುಡುಗಿಯರಿಗೆ ಹೇಳಿದ್ದು ಹೆಚ್ಚುಕಮ್ಮಿ ಅದನ್ನೇ. ಫೆಬ್ರವರಿ 5ಕ್ಕೆ ಸಮವಸ್ತ್ರದ ಸರ್ಕಾರಿ ಆದೇಶ. 8ಕ್ಕೆ ಹರಿಹರದಲ್ಲಿ ಕಲ್ಲು ತೂರಾಟ, ದಾವಣಗೆರೆ-ಹರಿಹರ ಎರಡೂ ಕಡೆ 144ನೇ ಸೆಕ್ಷನ್, ರಾಜ್ಯದ ಹೈಸ್ಕೂಲು ಕಾಲೇಜುಗಳಿಗೆಲ್ಲ ಮೂರು ದಿನ ರಜೆ. ಮಾರ್ಚ್ 15ಕ್ಕೆ ಹೈಕೋರ್ಟು ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳಿಂದ ಎರಡು ತೀರ್ಪು. ಅದರಲ್ಲಿ ನ್ಯಾ. ಸುಧಾಂಶು ಧೂಲಿಯಾ ಎತ್ತಿದ ಪ್ರಶ್ನೆ ತುಂಬಾ ಸರಳ: ಕಸಮುಸುರೆ ಮುಗಿಸಿ ಬ್ಯಾಗು ಹಿಡಿದು ಬರೋ ಹುಡುಗಿಯನ್ನು ಗೇಟಿನಲ್ಲಿ ತಡೆದರೆ ಅವಳ ಬದುಕು ಸುಧಾರಿಸುತ್ತಾ?

ಬಟ್ಟೆ ತೆಗೆಸಿದರೆ ಬಿಡುಗಡೆ ತಾನಾಗಿ ಬರುತ್ತೆ ಅನ್ನೋರು ಇರಾನ್ ನೋಡಬೇಕು. 1936ರಲ್ಲಿ ರೆಜಾ ಶಾ ಪರದೆಯನ್ನು ನಿಷೇಧಿಸಿದ. ಪೊಲೀಸರು ಬೀದೀಲಿ ಕಿತ್ತರು, ಎಷ್ಟೋ ಹೆಂಗಸರು ಹೊಸಿಲು ದಾಟೋದನ್ನೇ ನಿಲ್ಲಿಸಿದರು. 1979ರ ಕ್ರಾಂತಿಯ ನಂತರ ಅದೇ ಬಟ್ಟೆ ಕಡ್ಡಾಯ. ವಿಚಿತ್ರ ಅಂದ್ರೆ, ಆಮೇಲಿನ ದಶಕಗಳಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಸೇರುವವರಲ್ಲಿ ಹುಡುಗಿಯರೇ ಹೆಚ್ಚಾದರು. ಹಾಗಂತ ಕಡ್ಡಾಯ ಒಳ್ಳೇದು ಅಂತಲ್ಲ. ಓದಿದ ಅದೇ ಹುಡುಗಿಯರೇ 2022ರಲ್ಲಿ ಅದನ್ನು ಬೀದಿಯಲ್ಲಿ ಸುಟ್ಟರು. ಓದು ಒಳಗೆ ಹೋದಮೇಲೆ ಒಪ್ಪಂದವನ್ನು ತಿದ್ದೋ ಶಕ್ತಿ ಬರುತ್ತೆ, ಯಾವ ಕಲಂ ತಿದ್ದಬೇಕು ಅನ್ನೋದು ಅವರಿಗೆ ಬಿಟ್ಟಿದ್ದು.

ಅದೇ 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದವರು ಸಾರಾ ಅಬೂಬಕ್ಕರ್. ಕನ್ನಡ ಶಾಲೆಯಲ್ಲಿ ಕಲಿತರು, ಕಾಲೇಜಿಗೆ ಸಮುದಾಯದ ಕಟ್ಟುಪಾಡು ಬಿಡಲಿಲ್ಲ. ಆದರೂ ಕಲಿತಷ್ಟರಲ್ಲೇ 'ಚಂದ್ರಗಿರಿಯ ತೀರದಲ್ಲಿ' ಬರೆದು ತಲಾಖ್ ಬಗ್ಗೆ ತಮ್ಮವರನ್ನೇ ಪ್ರಶ್ನಿಸಿದರು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರನ್ನೂ ಬಾಲ್ಯದಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿದ್ದರಿಂದಲೇ ಕನ್ನಡಕ್ಕೆ ಆ ಕತೆಗಳು ಸಿಕ್ಕಿದ್ದು. ಅವರಿಬ್ಬರ ಟೀಕೆ ಚುಚ್ಚಿದಷ್ಟು ನಮ್ಮ ಊಟದ ಟೇಬಲ್ಲಿನ ಟೀಕೆ ಯಾರಿಗೂ ಚುಚ್ಚಲ್ಲ.

ಇನ್ನೊಂದು ಕಡೆಯವರಿಗೂ ಒಂದು ಪ್ರಶ್ನೆ ಇದೆ. "ನಮ್ಮ ಹುಡುಗಿಯರ ಹಕ್ಕು" ಅಂತ ಅವತ್ತು ಗಂಟಲು ಹರಿಯುವ ಹಾಗೆ ಕೂಗಿದ ಅಣ್ಣಂದಿರು, ಅದೇ ತಂಗಿ "ಡಿಗ್ರಿ ಮುಗಿಯೋ ತನಕ ಮದುವೆ ಬೇಡ" ಅಂದಾಗ ಅವಳ ಪಕ್ಕ ನಿಂತಿದಾರಾ? ನಾಳೆ ಅವಳು ತಾನಾಗೇ ಹಿಜಾಬ್ ತೆಗೆದಿಟ್ಟರೆ, ಅದನ್ನೂ ಹಕ್ಕು ಅಂತ ಕೂಗ್ತಾರಾ?

2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ ಫ್ರೀ. ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರು ಹೋಗೋಕೆ ಈಗ ಅಪ್ಪನ ಹತ್ರ ದುಡ್ಡು ಕೇಳಬೇಕಿಲ್ಲ. ಊರಿಗೆ ಹೋದಾಗ ಬೆಳಗ್ಗೆ ಸ್ಟ್ಯಾಂಡಿನಲ್ಲಿ ನೋಡ್ತೀನಿ: ಕಪ್ಪು ಬುರ್ಖಾ, ಪಿನ್ ಹಾಕಿದ ವೇಲು, ಜೀನ್ಸು, ಎಲ್ಲಾ ಒಂದೇ ಬಾಗಿಲಿಗೆ ನುಗ್ತಿರುತ್ತವೆ, ಕಂಡಕ್ಟರ್ ಆಧಾರ್ ಕಾರ್ಡ್ ತೋರಿಸಿ ಅಂತ ಬೈತಿರ್ತಾನೆ.