ಬಯೋಡೇಟಾದ ಬಿರುದಾವಳಿ

ಹಂಪಿಯ ವಿರೂಪಾಕ್ಷ ಗುಡಿಯಲ್ಲಿ, ರಂಗಮಂಟಪದ ಹತ್ತಿರ, ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ ಶಾಸನವೊಂದಿದೆ. ಶಕವರ್ಷ 1430 ಎಂದು ಅದರಲ್ಲಿ ಕೆತ್ತಿದ್ದಾರೆ. ವಿಜಯನಗರದ ಶಾಸನಗಳಲ್ಲಿ ದೇವರ ಸ್ತುತಿ, ವಂಶಾವಳಿ, ಅದಾದ ಮೇಲೆ ಬಿರುದುಗಳ ಉದ್ದ ಸಾಲು ಬರುವುದು ರೂಢಿ. ಮೂರುರಾಯರಗಂಡ, ಅರಿರಾಯವಿಭಾಡ, ಹಿಂದೂರಾಯಸುರತ್ರಾಣ. ಕೇಳಲು ಎದೆ ಉಬ್ಬುವಂತಿರುತ್ತವೆ. ಆದರೆ ಇವು ಯಾವ ಒಬ್ಬ ಅರಸನ ಸ್ವಂತ ಗಳಿಕೆಯೂ ಅಲ್ಲ. ಸಂಗಮರಿಗೆ ಇದ್ದವೇ ತುಳುವರಿಗೂ ಬಂದವು. ವಂಶ ಬದಲಾಯಿತು, ಬಿರುದು ಬದಲಾಗಲಿಲ್ಲ. ಬರೆಯುವವರ ಕೈಯಲ್ಲಿ ಮಾದರಿ ತಯಾರಾಗೇ ಇರುತ್ತಿತ್ತು ಅಂತ ಕಾಣುತ್ತದೆ.

ಹಂಪಿಯ ಕಲ್ಲಿಗೆ ಬೆಲೆ ಬಂದಿರುವುದು ಈ ಬಿರುದುಗಳ ನಂತರದ ಸಾಲುಗಳಿಂದ. ಸಿಂಗಿನಾಯಕನಹಳ್ಳಿ ಎಂಬ ಊರನ್ನು ದೇವರಿಗೆ ಬಿಟ್ಟದ್ದು, ರಂಗಮಂಟಪ ಕಟ್ಟಿಸಿದ್ದು, ಅದರ ಮುಂದಿನ ಗೋಪುರ ಎಬ್ಬಿಸಿದ್ದು, ಹಳೆಯ ದೊಡ್ಡ ಗೋಪುರವನ್ನು ದುರಸ್ತಿ ಮಾಡಿಸಿದ್ದು, ನವರತ್ನ ಕೂರಿಸಿದ ಬಂಗಾರದ ಕಮಲ ಕೊಟ್ಟದ್ದು. ಇತಿಹಾಸ ಬರೆದವರೆಲ್ಲ ನೆಚ್ಚಿದ್ದು ಈ ಸಾಲುಗಳನ್ನೇ. ಯಾಕೆಂದರೆ ಗೋಪುರ ಅಲ್ಲೇ ನಿಂತಿದೆ, ಹೋಗಿ ನೋಡಬಹುದು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಹೊಸಪೇಟೆ ಬಸ್ ಸ್ಟ್ಯಾಂಡಿನ ಆಸುಪಾಸಿನ ಜೆರಾಕ್ಸ್ ಅಂಗಡಿಗಳಲ್ಲಿ ಈಗಲೂ ಬರೀ ಬಿರುದಾವಳಿಯೇ ಟೈಪಾಗುತ್ತಿದೆ. ನೌಕರಿ ಹುಡುಕುವ ಹುಡುಗರು ಮೊದಲು ಹೋಗಿ ನಿಲ್ಲುವ ಜಾಗ ಅದು. "ಫಾರ್ಮೆಟ್ ರೆಡಿ ಐತಿ ಬ್ರೋ, ಹೆಸರು ನಂಬರ್ ಹೇಳು, ಐದ್ ನಿಮಿಷ" ಅನ್ನುತ್ತಾನೆ ಅಂಗಡಿಯವನು. ಹಿಂದಿನವನ ಫೈಲು ತೆರೆದು ಹೆಸರು ಅಳಿಸಿ ಇವನ ಹೆಸರು ಕೂರಿಸುತ್ತಾನೆ. ಹಾರ್ಡ್ ವರ್ಕಿಂಗ್, ಸಿನ್ಸಿಯರ್, ಪಂಕ್ಚುಯಲ್, ಟೀಮ್ ವರ್ಕ್: ಎಲ್ಲರಿಗೂ ಅವೇ ಬಿರುದು. ಕೆಳಗೆ ಹಾಬಿ ಎಂದು ಕ್ರಿಕೆಟ್ಟು, ಹಾಡು ಕೇಳುವುದು. ಶಾಸನದ ಕೊನೆಗೆ, ದಾನ ಕೆಡಿಸಿದವರಿಗೆ ಶಾಪ ಹಾಕುವ ಶಾಪಾಶಯ ಇರುತ್ತಿತ್ತಲ್ಲ, ಇಲ್ಲಿ ಅದರ ಜಾಗದಲ್ಲಿ ಡಿಕ್ಲರೇಷನ್ನು. ಕೆಲವರಲ್ಲಿ ಹಿಂದಿನವನ ಊರೂ ಹಾಗೇ ಉಳಿದಿರುತ್ತದೆ. ಕಂಪ್ಲಿಯ ಹುಡುಗನ ಡಿಕ್ಲರೇಷನ್ ಕೆಳಗೆ 'ಸ್ಥಳ: ಕೂಡ್ಲಿಗಿ' ಅಂತ ಇದ್ದದ್ದನ್ನು ನಾನೇ ಓದಿದ್ದೇನೆ.

ತಪ್ಪು ಅಂಗಡಿಯವನದಲ್ಲ. ಅವನು ಟೈಪ್ ಮಾಡುವವನು, ಪ್ರಶ್ನೆ ಕೇಳುವುದು ಅವನ ಕೆಲಸವಲ್ಲ. ನಮ್ಮ ಕಡೆ ಕಾಗದ ತೋರಿಸಿ ಕೆಲಸ ಕೇಳುವ ರೂಢಿಯೇ ಇರಲಿಲ್ಲ. ಹಂಪಿ ಬಜಾರಿನಲ್ಲಿ ಯಾರ ಮಗ, ಯಾವ ಮಂಟಪದ ಅಂಗಡಿ ಎಂದು ಗೊತ್ತಾದರೆ ಮುಗಿಯಿತು. ಸಂಡೂರಿನಲ್ಲಿ ಟಿಪ್ಪರ್ ಓಡಿಸಲು ಮಾವನೋ ಭಾವನೋ ಒಂದು ಮಾತು ಹೇಳಿದರೆ ಸಾಕಿತ್ತು. ಕಂಪ್ಲಿಯ ಗದ್ದೆ, ರೈಸ್ ಮಿಲ್ಲುಗಳಲ್ಲಂತೂ ಮುಖವೇ ಪರಿಚಯಪತ್ರ.

ಆ ಬಾಯಿಮಾತಿನ ವ್ಯವಸ್ಥೆ ಎರಡು ಕಡೆ ಒಂದೇ ದಿನ ಕುಸಿಯಿತು. 2011ರ ಜುಲೈ 29, ಶುಕ್ರವಾರ. ಅವತ್ತು ವಿರೂಪಾಕ್ಷ ಗುಡಿಯ ಎದುರಿನ ರಥಬೀದಿಗೆ ಬುಲ್ಡೋಜರ್ ಬಂದು ಸಾಲುಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದವು. ಅವತ್ತೇ ದಿಲ್ಲಿಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಲು ಆದೇಶ ಕೊಟ್ಟಿತು. ಸ್ಮಾರಕ ಉಳಿಯಬೇಕಿತ್ತು, ಗಣಿಯ ಲೂಟಿ ನಿಲ್ಲಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ತೆರವು ಮಾಡಿದ ರೀತಿಯ ಬಗ್ಗೆ ಮಾತ್ರ ತಕರಾರಿದೆ, ಅದು ಬೇರೆ ದಿನದ ವಿಷಯ. ಹಂಪಿಯ ಸ್ಮಾರಕ ಕಾಯಲು 2002ರ ಕಾಯಿದೆ ಇತ್ತು, ಪ್ರಾಧಿಕಾರ ಇತ್ತು. 2013ರ ಏಪ್ರಿಲಿನಲ್ಲಿ ಕೋರ್ಟು ಗಣಿಗಳನ್ನು ಅಕ್ರಮದ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ, ಸಿ ವರ್ಗದ ಗುತ್ತಿಗೆ ರದ್ದು ಮಾಡಿ, ಉಳಿದವಕ್ಕೆ ದಾರಿ ಬಿಟ್ಟಿತು. ಗಣಿಗೂ ವರ್ಗ ಸಿಕ್ಕಿತು, ಕಾಗದ ಸಿಕ್ಕಿತು. ಆ ಗಣಿಯಲ್ಲಿ ದುಡಿದ ಮನುಷ್ಯನ ಕೈಯಲ್ಲಿ ಏನೂ ಇರಲಿಲ್ಲ. ಹತ್ತು ವರ್ಷ ಟಿಪ್ಪರ್ ಓಡಿಸಿದವನಿಗೆ ಓಡಿಸಿದ್ದೇನೆ ಎಂದು ತೋರಿಸಲು ಡಿ.ಎಲ್. ಬಿಟ್ಟರೆ ಒಂದು ಚೀಟಿ ಇಲ್ಲ.

ಕಡ್ಡಿರಾಂಪುರದ ಹುಡುಗನೊಬ್ಬ ಈಚೆಗೆ ತನ್ನ ಬಯೋಡೇಟಾ ತಂದು ತೋರಿಸಿದ. ಬಜಾರಿನಿಂದ ಎದ್ದ ಕುಟುಂಬ. ಅಪ್ಪನದು ಮಂಟಪದಲ್ಲಿ ಸಣ್ಣ ಹೋಟೆಲು. ಹುಡುಗ ಬಿ.ಎ. ಮುಗಿಸಿದ್ದಾನೆ, ಈಗ ಆಟೋ ಓಡಿಸುತ್ತಾನೆ. ಹೊಸಪೇಟೆಯ ಹೋಟೆಲುಗಳಿಗೆ, ಒಂದೆರಡು ರೆಸಾರ್ಟುಗಳಿಗೆ ಅರ್ಜಿ ಹಾಕಿದ್ದಾನೆ, ಒಬ್ಬರೂ ಕರೆದಿಲ್ಲ. ಕಾಗದದಲ್ಲಿ ಅದೇ ಬಿರುದಾವಳಿ. ಅನುಭವ ಎಂಬಲ್ಲಿ 'ಗೆಸ್ಟ್ ಹೌಸ್ ಕೆಲಸ' ಅಂತ ಮೂರೇ ಪದ. ಭಾಷೆ: ಕನ್ನಡ, ಹಿಂದಿ, ಇಂಗ್ಲಿಷ್.

ಮಾತಾಡುತ್ತ ಹೋದಂತೆ ಒಂದೊಂದೇ ಹೊರಬಿತ್ತು. ಹೊಳೆಯ ಆಚೆ ವಿರೂಪಾಪುರಗಡ್ಡೆಯಲ್ಲಿ ಎರಡು ಸೀಸನ್ ಕೆಲಸ ಮಾಡಿದ್ದ. ಎಂಟು ಕೋಣೆಗಳ ಗೆಸ್ಟ್ ಹೌಸು, ಮಾಲೀಕ ಗಂಗಾವತಿಯಲ್ಲಿ, ಇಲ್ಲಿ ನೋಡಿಕೊಳ್ಳುತ್ತಿದ್ದವನು ಇವನೇ. ಆನ್‌ಲೈನ್ ಬುಕಿಂಗು, ಕೋಣೆ ಲೆಕ್ಕ, ಬೈಕ್ ಬಾಡಿಗೆ ಕೊಡಿಸುವುದು, ರಾತ್ರಿ ಜ್ವರ ಬಂದವರನ್ನು ಡಾಕ್ಟರ ಹತ್ತಿರ ಒಯ್ಯುವುದು. ವಿದೇಶದವರು ಬಂದಿಳಿದ 24 ಗಂಟೆಯೊಳಗೆ ಪಾಸ್‌ಪೋರ್ಟು, ವೀಸಾದ ವಿವರ ಹಾಕಿ ಸಿ ಫಾರಂ ತುಂಬಿ ಕಳಿಸಬೇಕಿತ್ತಲ್ಲ, ಅದನ್ನೂ ಇವನೇ ಮಾಡುತ್ತಿದ್ದ. ಇಸ್ರೇಲಿನವರ ಜೊತೆ ಹೀಬ್ರೂವಿನಲ್ಲಿ ಊಟದ ಆರ್ಡರ್ ತೆಗೆದುಕೊಳ್ಳುವಷ್ಟು ಬರುತ್ತದೆ. ತೆಲುಗು ಮನೆಯ ಭಾಷೆಯಷ್ಟೇ ಸಲೀಸು. ಇದ್ಯಾವುದನ್ನೂ ಬರೆದಿಲ್ಲವಲ್ಲೋ ಅಂದೆ. "ಅದೆಲ್ಲಾ ಹೊಟ್ಟಿಪಾಡು ಸರ, ಅದನ್ನೇನ್ ಬರೀತಾರ?" ಅಂದ.

ಹೊಟ್ಟೆಪಾಡಿಗೆ ಮಾಡಿದ್ದು ಅನುಭವವಲ್ಲ, ಕಂಪನಿಯ ಕೊರಳಪಟ್ಟಿ ಹಾಕಿಕೊಂಡು ಮಾಡಿದ್ದು ಮಾತ್ರ ಅನುಭವ ಎಂದು ಈ ಹುಡುಗರ ತಲೆಯಲ್ಲಿ ಯಾರು ತುಂಬಿದರೋ ಗೊತ್ತಿಲ್ಲ. ಹೋಟೆಲಿನ ಮ್ಯಾನೇಜರಿಗೆ 'ಸಿನ್ಸಿಯರ್' ಎಂಬ ಪದದಿಂದ ಏನೂ ಸಿಗುವುದಿಲ್ಲ. ಸಿ ಫಾರಂ ಎಂಬ ಎರಡು ಪದ ಕಂಡರೆ ಆತ ಕಾಗದ ಪಕ್ಕಕ್ಕೆ ತೆಗೆದಿಡುತ್ತಾನೆ. ಹೊಸಬನಿಗೆ ಅದನ್ನು ಕಲಿಸಲು ಎಷ್ಟು ತಲೆನೋವು, ತಪ್ಪಿದರೆ ಪೊಲೀಸರಿಗೆ ಏನು ಉತ್ತರ ಹೇಳಬೇಕು ಎಂಬುದು ಅವನಿಗೆ ಗೊತ್ತು.

ಹಾಗಾಗಿ ಬಿರುದು ಅಳಿಸಿದೆವು. ಎಷ್ಟು ಕೋಣೆ, ಎಷ್ಟು ಸೀಸನ್, ದಿನಕ್ಕೆ ಎಷ್ಟು ಜನ ಬಂದುಹೋಗುತ್ತಿದ್ದರು, ಯಾವ ಕೆಲಸ ಒಬ್ಬನೇ ಮಾಡಿದ್ದು ಎಂದು ಕೇಳಿ ಕೇಳಿ ಬರೆದೆವು. ಜಾಹೀರಾತಿನಲ್ಲಿ 'ಫ್ರಂಟ್ ಆಫೀಸ್' ಎಂದಿತ್ತು, ಇವನು 'ರಿಸೆಪ್ಷನ್' ಎನ್ನುತ್ತಿದ್ದ. ಕೆಲಸ ಒಂದೇ. ಆದರೆ ದೊಡ್ಡ ಹೋಟೆಲುಗಳಲ್ಲಿ, ತೋರಣಗಲ್ಲಿನಂಥ ಕಡೆಯ ಕಂಪನಿಗಳಲ್ಲಿ ಆನ್‌ಲೈನ್ ಅರ್ಜಿಯನ್ನು ಮೊದಲು ಜರಡಿ ಹಿಡಿಯುವುದು ಬಹಳ ಸಲ ಸಾಫ್ಟ್‌ವೇರು. ಅದಕ್ಕೆ ಸಮಾನಾರ್ಥಕ ಪದದ ಗೊಡವೆ ಕಡಿಮೆ. ಜಾಹೀರಾತಿನ ಪದವನ್ನೇ, ಅದು ನಿಜವಾಗಿ ಮಾಡಿದ ಕೆಲಸವಾಗಿದ್ದರೆ, ಹಾಗೇ ಬರೆಯುವುದು ಲೇಸು. ಬಣ್ಣದ ಬಾರ್ಡರು, ಕೋಷ್ಟಕದೊಳಗೆ ಕೋಷ್ಟಕ, ಮೂಲೆಯಲ್ಲಿ ಫೋಟೋ ಇದ್ದರೆ ಆ ಸಾಫ್ಟ್‌ವೇರಿಗೆ ಅಕ್ಷರ ಕಲಸಿಹೋಗುತ್ತವೆ. ಅವೂ ಹೋದವು. ಮೂರು ಪುಟದ್ದು ಒಂದು ಪುಟಕ್ಕೆ ಇಳಿಯಿತು. ಮೊಬೈಲ್ ನಂಬರು ಹೋದ ವರ್ಷವೇ ಬಂದಾದ ಸಿಮ್ಮಿನದಾಗಿತ್ತು. ಯಾರಾದರೂ ಕರೆದಿದ್ದರೂ ಇವನಿಗೆ ತಿಳಿಯುತ್ತಿರಲಿಲ್ಲ.

ಸಂಡೂರಿನ ಕಡೆಯವರು ಬಿಟ್ಟುಬಿಡುವ ಸಾಲು ಬೇರೆ. ಗಣಿಯಲ್ಲಿ ಕೆಲಸಕ್ಕೆ ಸೇರುವವರಿಗೆ 1966ರ ನಿಯಮದ ಪ್ರಕಾರ ವೃತ್ತಿ ತರಬೇತಿ ಆಗಬೇಕು, ವಿಟಿಸಿ ಅಂತ ಎಲ್ಲರೂ ಕರೆಯುವುದು ಅದನ್ನೇ. ಅದು ಆದವನು ಅದನ್ನು ಮರೆತು ಹತ್ತನೇ ತರಗತಿಯ ಪರ್ಸೆಂಟೇಜನ್ನು ಮೊದಲ ಸಾಲಿನಲ್ಲಿ ಹಾಕಿರುತ್ತಾನೆ. ಮೇಟ್ ಸರ್ಟಿಫಿಕೇಟು, ಬ್ಲಾಸ್ಟರ್ ಸರ್ಟಿಫಿಕೇಟು ಇದ್ದವರು ಅದನ್ನು ಮೂರನೇ ಪುಟದ ಬುಡದಲ್ಲಿ ಸೇರಿಸಿರುತ್ತಾರೆ. ತಾಂಡಾದ ಹೆಣ್ಣುಮಕ್ಕಳದು ಇನ್ನೂ ಅನ್ಯಾಯದ ಕಥೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಇದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಲಂಬಾಣಿ ಕಸೂತಿಯ ಪ್ರದರ್ಶನ ಗಿನ್ನೆಸ್ ದಾಖಲೆಗೂ ಹೋಯಿತು. ಆ ಸೂಜಿ ಹಿಡಿದ ಹೆಂಗಸು ಸೊಸೈಟಿ ಸಾಲದ ಅರ್ಜಿಯಲ್ಲೋ ಗಾರ್ಮೆಂಟ್ಸ್ ಕೆಲಸದ ಅರ್ಜಿಯಲ್ಲೋ ತನ್ನ ಉದ್ಯೋಗದ ಮುಂದೆ 'ಮನೆಕೆಲಸ' ಎಂದು ಬರೆಸುತ್ತಾಳೆ. ಸರ್ಟಿಫಿಕೇಟು ಇಲ್ಲದೆ ಕೆಲಸ ಕಲಿತವರ ಕೈಗುಣ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಕೇಂದ್ರದ ಕೌಶಲ ಯೋಜನೆಯಲ್ಲಿ ಉಂಟು. ಅದನ್ನು ತಾಂಡಾಗಳಿಗೆ ಹೋಗಿ ಹೇಳಿದವರು ಎಷ್ಟು ಜನ ಎಂದು ಕೇಳಬೇಕಾಗಿದೆ.

ಇನ್ನು ಬಯೋಡೇಟಾದಲ್ಲಿ ಇರಬಾರದ್ದು. ಜೆರಾಕ್ಸ್ ಅಂಗಡಿಯ ಆ ರೆಡಿ ಫಾರ್ಮೆಟ್ಟಿನಲ್ಲಿ ಅಪ್ಪನ ಹೆಸರಿನ ಕೆಳಗೆ ಧರ್ಮ, ಅದರ ಕೆಳಗೆ ಜಾತಿ ಎಂದು ಕಾಲಂ ಇರುತ್ತದೆ. ಮದುವೆ ಬಯೋಡೇಟಾದಿಂದ ನುಗ್ಗಿ ಬಂದದ್ದಿರಬೇಕು. ಸರ್ಕಾರಿ ಕೆಲಸದ ಮೀಸಲಾತಿಗೆ ಜಾತಿ ಪ್ರಮಾಣಪತ್ರ ಬೇಕು, ನಮ್ಮ ಭಾಗದವರಿಗೆ ಸಂವಿಧಾನದ 371 ಜೆ ವಿಧಿಯ ಪ್ರಮಾಣಪತ್ರವೂ ಬೇಕು. ಕೇಳಿದ ಕಡೆ ಲಗತ್ತಿಸಬೇಕು, ಅದು ಹಕ್ಕು. ಖಾಸಗಿ ಕಂಪನಿಗೆ ಅದನ್ನು ಮೊದಲ ಪುಟದಲ್ಲಿ ಒಪ್ಪಿಸುವ ಅಗತ್ಯವೇ ಇಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ, ಒಂದೇ ಬಗೆಯ ಅರ್ಹತೆ ತೋರಿಸಿ, ಹೆಸರು ಮಾತ್ರ ಬೇರೆ ಬೇರೆ ಮಾಡಿ ಅವರು ಅರ್ಜಿ ಕಳಿಸಿದರು. ಮೇಲ್ಜಾತಿಯ ಹೆಸರಿಗೆ ಬಂದಷ್ಟು ಕರೆ ದಲಿತ ಹೆಸರಿಗೆ ಬರಲಿಲ್ಲ, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ ಬಂದವು. ಬರೀ ಹೆಸರಿಗೇ ಇಷ್ಟಾದರೆ ಜಾತಿಯ ಕಾಲಂ ತುಂಬಿ ಕೊಡುವುದು ಯಾವ ಪುರುಷಾರ್ಥಕ್ಕೆ? ಜೆರಾಕ್ಸ್ ಅಂಗಡಿಯವರು ಆ ಎರಡು ಸಾಲು ಇವತ್ತೇ ಅಳಿಸಿದರೆ ದೊಡ್ಡ ಉಪಕಾರ.

ಹುಡುಗನಿಗೆ ಇನ್ನೊಂದು ಅಂಜಿಕೆ ಇತ್ತು. 2020ರ ಮಾರ್ಚಿನಲ್ಲಿ ಗಡ್ಡೆಯ ರೆಸಾರ್ಟುಗಳನ್ನೂ ಕೆಡವಿದರು, ಅದೇ ತಿಂಗಳು ಲಾಕ್‌ಡೌನ್ ಬಂತು. ಅಲ್ಲಿಂದ ಮುಂದೆ ಕೆಲಸವಿಲ್ಲದ ಕಾಲ, ಆಮೇಲೆ ಆಟೋ. ಗೆಸ್ಟ್ ಹೌಸಿನ ಕೆಲಸವನ್ನು 2022ರವರೆಗೆ ಎಳೆದು ತೋರಿಸಲಾ ಎಂದು ಕೇಳಿದ. ಬೇಡ. ಹೊಸಪೇಟೆಯಲ್ಲಿ ಹೋಟೆಲು ನಡೆಸುವವರಿಗೆ ಗಡ್ಡೆ ಯಾವಾಗ ನೆಲಸಮವಾಯಿತು ಎಂದು ಗೊತ್ತಿಲ್ಲದೆ ಇರುತ್ತದೆಯೇ? ಸುಳ್ಳು ಒಂದು ಸಾಲಿನದಾದರೂ ಇಡೀ ಕಾಗದದ ನಂಬಿಕೆ ಕೆಡುತ್ತದೆ. 'ಗೆಸ್ಟ್ ಹೌಸ್ ತೆರವಾಯಿತು. ನಂತರ ಪ್ರವಾಸಿಗರ ಆಟೋ, ಸ್ವಂತ' ಎಂದು ಇದ್ದದ್ದನ್ನೇ ಬರೆದೆವು. ಆಟೋ ಓಡಿಸಿದ್ದರಿಂದ ವಿಟ್ಠಲ ಗುಡಿಗೆ ಯಾವ ಹೊತ್ತಿಗೆ ಹೋದರೆ ಬಿಸಿಲು ಕಡಿಮೆ ಎಂಬುದು ಅವನಿಗೆ ತಿಳಿದಿದೆ. ಹೋಟೆಲಿಗೆ ಅದೂ ಬೇಕಾದ ವಿದ್ಯೆಯೇ.

ಕಾಗದವೊಂದೇ ಕೆಲಸ ಕೊಡಿಸುತ್ತದೆ ಎಂದು ಯಾರೂ ತಿಳಿಯಬಾರದು. ಹುದ್ದೆಗಳು ಕಡಿಮೆ, ಅರ್ಜಿಗಳು ರಾಶಿ. ಡಿಗ್ರಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ಸರ್ಕಾರ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ ಎಂದು ಯೋಜನೆ ಮಾಡಿದೆ. ಆ ಯೋಜನೆ ಬೇಕಾಯಿತು ಎಂಬುದೇ ಪರಿಸ್ಥಿತಿ ಹೇಳುತ್ತದೆ. ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಮೀಸಲು ಕೊಡುವ ಮಸೂದೆಗೆ 2024ರ ಜುಲೈಯಲ್ಲಿ ಸಂಪುಟ ಒಪ್ಪಿಗೆ ಕೊಟ್ಟು, ಗದ್ದಲವಾದ ಕೂಡಲೇ ತಡೆಹಿಡಿಯಿತು. ಅದನ್ನು ನೆಚ್ಚಿ ಕೂರುವಂತಿಲ್ಲ.

ಕಾಗದ ಬೇಡದ ಜನರೂ ಇದ್ದಾರೆ. ಅದೇ ವರ್ಷ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಸರ್ಕಾರ ಕರೆಸಿದ್ದು ಗೇಟಿನ ಕೆಲಸದಲ್ಲಿ ಪಳಗಿದ ಹಿರಿಯರಾದ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಅವರ ಬಯೋಡೇಟಾ ಯಾರೂ ಕೇಳಿರಲಾರರು. ಇಪ್ಪತ್ತೇಳರ ಹುಡುಗನಿಗೆ ಆ ಹೆಸರು ಇನ್ನೂ ಬಂದಿಲ್ಲ, ಅವನನ್ನು ಬಲ್ಲವರು ಕಡ್ಡಿರಾಂಪುರದಲ್ಲಿದ್ದಾರೆ, ಕೆಲಸ ಕೊಡುವವರು ಬೇರೆ ಕಡೆ ಇದ್ದಾರೆ. ನಡುವೆ ಹೋಗಿ ಮಾತಾಡುವುದು ಆ ಒಂದು ಪುಟ ಮಾತ್ರ.

ಉದ್ಯೋಗ ಮೇಳ ನಡೆದಾಗ ಕಂಪನಿಗಳ ಸ್ಟಾಲುಗಳ ಮುಂದೆ ಸಾಲು ನಿಲ್ಲಿಸುತ್ತಾರೆ, ಉದ್ಘಾಟನೆ, ಹಾರ ತುರಾಯಿ ಎಲ್ಲ ಆಗುತ್ತದೆ. ಬಯೋಡೇಟಾಗಳು ಮೇಜಿನ ಮೇಲೆ ಗುಡ್ಡೆ ಬೀಳುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಹೆಸರು ಬಿಟ್ಟರೆ ವ್ಯತ್ಯಾಸವಿಲ್ಲ. ಜಿಲ್ಲೆಯ ಉದ್ಯೋಗ ವಿನಿಮಯ ಕಚೇರಿಯವರು, ಕಾಲೇಜುಗಳ ಪ್ಲೇಸ್‌ಮೆಂಟ್ ನೋಡಿಕೊಳ್ಳುವ ಮೇಷ್ಟ್ರುಗಳು ಸೇರಿ ಇನ್ನೊಂದು ಮೇಜು ಹಾಕಬಹುದು. ಅಲ್ಲಿ ಕೂತವರು ಏನು ಓದಿದ್ದೀಯ ಎನ್ನುವ ಮೊದಲು ಏನು ಮಾಡಿದ್ದೀಯ, ಎಷ್ಟು ದಿನ, ಯಾರನ್ನು ಕೇಳಿದರೆ ಹೌದು ಅನ್ನುತ್ತಾರೆ ಎಂದು ಕೇಳಿ ಬರೆಸಬೇಕು. ಬೇಕಾದರೆ ಬಸ್ ಸ್ಟ್ಯಾಂಡಿನ ಜೆರಾಕ್ಸ್ ಅಂಗಡಿಯವರನ್ನೇ ಕರೆದು ಅದೇ ಮೇಜಿಗೆ ಕೂರಿಸಲಿ, ಟೈಪು ಅವರಷ್ಟು ಬೇಗ ಯಾರಿಗೂ ಬರುವುದಿಲ್ಲ. ಮೇಳಕ್ಕೆ ಎರಡು ದಿನ ಮೊದಲೇ ಮೇಜು ಹಾಕಿದರೆ ತಿದ್ದಿ ಪ್ರಿಂಟ್ ತೆಗೆಸಲು ಹುಡುಗರಿಗೆ ಟೈಮೂ ಸಿಗುತ್ತದೆ.