ನೀರು ಎಲ್ಲಿಂದ ಬಂತು?

ಬೇಸಿಗೆಯಲ್ಲಿ ನಮ್ಮ ಜಮಖಂಡಿಯ ಮನೆಗಳಲ್ಲಿ ಫ್ರಿಜ್ಜಿಗೆ ಹಿರಿಯರಷ್ಟೇ ಮರ್ಯಾದೆ. ಕಳೆದ ಏಪ್ರಿಲ್‌ನಲ್ಲಿ ನಮ್ಮ ಒಂಟಿ ಬಾಗಿಲಿನ ಫ್ರಿಜ್ಜು ಪೂರ್ತಿ ಕೆಡಲಿಲ್ಲ, ಸರಿಯಾಗಿಯೂ ಇರಲಿಲ್ಲ. ಫ್ರೀಜರಿನಲ್ಲಿ ನಾಲ್ಕೇ ದಿನಕ್ಕೆ ಬೆರಳು ದಪ್ಪದ ಬರ್ಫ. ಡಿಫ್ರಾಸ್ಟ್ ಗುಂಡಿ ಒತ್ತಿದರೆ ಕಾಯಿಪಲ್ಲೆ ಡಬ್ಬಿಯ ಬುಡದಲ್ಲಿ ಕೆರೆ, ಅಲ್ಲಿಂದ ಅಡಿಗೆಮನೆಯ ನೆಲಕ್ಕೆ ಹೊಳೆ.

ಮುಧೋಳದ ತಂಗಿಗೆ ಫೋನು ಮಾಡಿದೆ. “ಕೆಲಸದಾಕಿ ಬಾಗಲಾ ಸರಿ ಹಾಕಂಗಿಲ್ಲ, ನೋಡು” ಎಂದಳು. ಬೀಳಗಿಯ ಅತ್ತಿಗೆಯೂ ಅದನ್ನೇ ಅಂದರು. ಎರಡು ಊರಿನಿಂದ ಒಂದೇ ತೀರ್ಪು ಬಂದ ಮೇಲೆ ವಿಚಾರಣೆ ಏಕೆ? ಮರುದಿನ ಆಕೆ ಬಂದ ಕೂಡಲೇ ಬೈದೆ. ಆಕೆ ಬನಹಟ್ಟಿಯ ನೇಕಾರರ ಮಗಳು, ಈ ಊರಿಗೆ ಕೊಟ್ಟಿದ್ದಾರೆ, ಮಾತು ಕಡಿಮೆ. ನೆಲ ಒರೆಸುತ್ತಲೇ ಹೇಳಿದಳು: “ನಾ ಅದರ ಬಾಗಲಾ ತಗಿಯೂದಽ ಇಲ್ರೀ ಅಕ್ಕಾರ. ಮುಟ್ಟಬ್ಯಾಡ ಅಂತ ನೀವಽ ಹೇಳೀರಲ್ರೀ.”

ಹೌದು, ಹೇಳಿದ್ದೆ. ಎರಡು ವರ್ಷದ ಹಿಂದೆ, ಆಕೆ ಕೆಲಸಕ್ಕೆ ಬಂದ ಮೊದಲ ದಿನವೇ. ಆದರೂ ಆ ಹೊತ್ತಿನಲ್ಲಿ ನನಗೆ ನಾಚಿಕೆ ಬರಲಿಲ್ಲ, ಸಿಟ್ಟು ಬಂತು. “ಹಂಗಾದ್ರ ನೀರು ಎಲ್ಲಿಂದ ಬಂತು?” ಎಂದೆ. ಮರುದಿನದಿಂದ ಆಕೆ ಬರಲಿಲ್ಲ.

ನಾಲ್ಕು ದಿನ ನೆಲ ನಾನೇ ಒರೆಸಿದೆ. ಒರೆಸುವವರಿಗೇ ಆ ಪ್ರಶ್ನೆ ನಿಜವಾಗಿ ಹುಟ್ಟುತ್ತದೆ. ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು, ಬರ್ಫ ತಾನಾಗಿ ಕರಗುವವರೆಗೆ ಕಾದೆ. ಚಾಕುವಿನಿಂದ ಕೆತ್ತಬಾರದು, ಫ್ರೀಜರಿನ ಗೋಡೆಯಲ್ಲೇ ಗ್ಯಾಸಿನ ನಳಿಗೆ ಇರುತ್ತದೆ, ತೂತಾದರೆ ಫ್ರಿಜ್ಜೇ ಹೋದಂತೆ. ಆಮೇಲೆ ಬಾಗಿಲಿನ ರಬ್ಬರಿನ ನಡುವೆ 10 ರೂಪಾಯಿಯ ನೋಟು ಇಟ್ಟು, ಮುಚ್ಚಿ ಎಳೆದೆ. ಅದು ಬಿಗಿಯಾಗಿ ನಿಲ್ಲಬೇಕು. ಕೆಳಗಿನ ಮೂಲೆಯಲ್ಲಿ ಸಲೀಸಾಗಿ ಬಂತು. ಅಲ್ಲಿ ಚೆಲ್ಲಿದ ದೋಸೆ ಹಿಟ್ಟು ಒಣಗಿ ಕಲ್ಲಾಗಿತ್ತು. ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ. ಗಾಳಿಯಲ್ಲಿನ ತೇವವೇ ಬರ್ಫ. ಅದರ ಜೊತೆಗೆ, ಮುಚ್ಚಳವಿಲ್ಲದೆ ನಾನು ಇಡುತ್ತಿದ್ದ ಬಿಸಿ ಸಾರಿನ ಹಬೆ.

ಕಾಯಿಪಲ್ಲೆ ಡಬ್ಬಿ ತೆಗೆದರೆ ಹಿಂದಿನ ಗೋಡೆಯಲ್ಲಿ ಸಣ್ಣ ತೂತು ಕಂಡಿತು. ಕರಗಿದ ನೀರು ಅದರೊಳಗಿಂದ ಕಂಪ್ರೆಸರಿನ ಮೇಲಿನ ತಟ್ಟೆಗೆ ಹೋಗಿ, ಅದರ ಬಿಸಿಗೆ ಆರಬೇಕು. ಅಲ್ಲಿ ಕೊತ್ತಂಬರಿ ಎಲೆ ಕೊಳೆತು ಬೂಚಾಗಿತ್ತು. ಸೂಜಿಯಿಲ್ಲದ ಸಿರಿಂಜಿನಿಂದ ಉಗುರುಬೆಚ್ಚನೆಯ ನೀರು ಬಿಟ್ಟೆ; ಗುಳುಗುಳು ಎಂದು ದಾರಿಯಾಯಿತು. ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಎರಡು ಬಾಗಿಲಿನ ಫ್ರಾಸ್ಟ್‌ಫ್ರೀ ಫ್ರಿಜ್ಜಿನಲ್ಲಿ ಬರ್ಫ ಕರಗಿಸಲು ಹೀಟರು ಇರುತ್ತದೆ. ಅದು ಕೆಟ್ಟರೆ ಮೆಕ್ಯಾನಿಕನೇ ಬೇಕು. ನನ್ನದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಹಿಟ್ಟು ನನ್ನದು, ಸಾರು ನನ್ನದು, ಕೊತ್ತಂಬರಿಯೂ ನನ್ನದೇ.

ಬನಹಟ್ಟಿಯ ಮಗ್ಗದಲ್ಲಿ ಎಳೆ ಹರಿದರೆ ಮಗ್ಗ ನಿಲ್ಲಿಸಿ, ಹರಿದ ತುದಿ ಹುಡುಕಿ ಗಂಟು ಹಾಕುತ್ತಾರೆ. ಯಾರನ್ನು ಬೈಯಬೇಕೆಂದು ಹುಡುಕುತ್ತ ಕುಳಿತರೆ ಸೀರೆಯಾಗುವುದಿಲ್ಲ. ಮನೆಯೊಳಗೆ ನಾವು ಮಾಡುವುದು ತಿರುವುಮುರುವು: ಕಾರಣಕ್ಕಿಂತ ಮೊದಲು ಆರೋಪಿ ಬೇಕು, ಅದೂ ತಿರುಗಿ ಮಾತಾಡಲಾರದವರು. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ. ಮೊದಲು ನಿನ್ನನ್ನು ನೀನು ತಿದ್ದಿಕೊ ಎಂಬ ಶರಣರ ಮಾತನ್ನು ಶಾಲೆಯಲ್ಲಿ ಕಂಠಪಾಠ ಮಾಡಿದವಳು ನಾನು. ಆ ಪಾಠ ಅಡಿಗೆಮನೆಯವರೆಗೆ ಬಂದಿರಲಿಲ್ಲ.

ಬೈದದ್ದು ತಪ್ಪೆಂದು ಒಪ್ಪಿಕೊಳ್ಳುವುದು ಅಷ್ಟು ಕಷ್ಟವೆನಿಸಲಿಲ್ಲ. ಎರಡು ವರ್ಷದ ಹಿಂದಿನ ‘ಮುಟ್ಟಬೇಡ’ಕ್ಕೆ ಏನು ಹೇಳಲಿ? ಅದಕ್ಕೆ ಕೊತ್ತಂಬರಿ ಎಲೆಯ ನೆಪವೂ ಇಲ್ಲ.

ಐದನೆಯ ದಿನ ಆಕೆಯ ಮನೆಗೆ ಹೋದೆ. “ತಪ್ಪು ನಂದಽ ಇತ್ತವಾ” ಎಂದೆ. ಆಕೆ ಚಹಾ ಕೊಟ್ಟು, “ನೀರು ಎಲ್ಲಿಂದ ಬರತಿತ್ರೀ?” ಎಂದಷ್ಟೇ ಕೇಳಿದಳು. ಎಲ್ಲವನ್ನೂ ಹೇಳಿದೆ.

ಸೋಮವಾರ ಬಂದಳು. “ಬಿಸಲಾಗ ಬಂದೀ, ತಣ್ಣಂದು ನೀರು ತಗೊಂಡು ಕುಡಿ” ಎಂದು ಫ್ರಿಜ್ಜಿನ ಕಡೆ ಕೈ ಮಾಡಿದೆ. ಆಕೆ ಒಂದು ಗಳಿಗೆ ಸುಮ್ಮನೆ ನಿಂತಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲು ತೆಗೆದಳು. ಸರಿಯಾಗಿ ಮುಚ್ಚಿದಳೋ ಇಲ್ಲವೋ ಎಂದು ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ.