ಮರಳಿ ಹೋಗದ ಅತಿಥಿ

ಬರುವ ತಿಥಿಯನ್ನು ಮುಂದಾಗಿ ತಿಳಿಸದೆ ಬಂದು ಬಾಗಿಲಲ್ಲಿ ನಿಂತವನೇ ಅತಿಥಿ ಎಂದು ನಮ್ಮ ಹಿರಿಯರು ಆ ಶಬ್ದಕ್ಕೆ ಅರ್ಥ ಹೇಳುತ್ತ ಬಂದಿದ್ದಾರೆ. ಅವನಿಗೆ ಕಾಲು ತೊಳೆಯಲು ನೀರು, ಕುಳಿತುಕೊಳ್ಳಲು ಮಣೆ, ಹಸಿವಿಗೆ ಅನ್ನ, ರಾತ್ರಿಗೆ ಒಂದು ಚಾಪೆ ಕೊಡುವುದು ಗೃಹಸ್ಥನ ಧರ್ಮವೆಂದು ವಿಧಿಸಿದವರು, ಅವನು ಬೆಳಗಾದರೆ ಹೊರಟುಹೋಗುವವನೆಂದೇ ಭಾವಿಸಿದ್ದರು. ಆದರೆ ಅರವತ್ತರ ವಯಸ್ಸಿನಲ್ಲಿ ಪರದೇಶದಿಂದ ಬಂದು, ಮನೆಮಾಡಿ, ಆ ಊರಿನಲ್ಲಿಯೇ ಪ್ರಾಣ ಬಿಡುವ ಸಂಕಲ್ಪದಿಂದ ಉಳಿದುಕೊಂಡವನನ್ನು ಏನೆಂದು ಕರೆಯೋಣ? ಅವನು ಅತಿಥಿಯೂ ಅಲ್ಲ, ಮನೆಯವನೂ ಅಲ್ಲ. ಆತಿಥೇಯನು ಅವನಿಗೆ ಏನು ಕೊಡಬೇಕೆಂಬುದಕ್ಕಿಂತ, ಅವನು ಆ ನೆಲಕ್ಕೆ ಏನು ಬಾಕಿ ಎಂಬ ಪ್ರಶ್ನೆಯೇ ನಮಗೆ ಗಹನವಾಗಿ ಕಾಣುತ್ತದೆ.

ಇದು ಬರಿಯ ತರ್ಕವಿಲಾಸವಲ್ಲ. ಥೈಲಂಡ್ ದೇಶದ ಉತ್ತರಭಾಗದಲ್ಲಿ, 1296ರಲ್ಲಿ ಮಂಗ್‌ರಾಯ್ ಎಂಬ ಅರಸನು ಕಟ್ಟಿಸಿದ ಚಿಯಾಂಗ್ ಮಾಯ್ ಎಂಬ ನಗರವಿದೆ. ಸುತ್ತಲೂ ಚೌಕಾಕಾರದ ಕಂದಕ, ಪಶ್ಚಿಮಕ್ಕೆ ಸುತೇಪ್ ಪರ್ವತ, ಬೀದಿಬೀದಿಗೆ ಬೌದ್ಧವಿಹಾರಗಳು. ಇಂಗ್ಲೆಂಡು, ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ನೌಕರಿಯಿಂದ ನಿವೃತ್ತರಾದ ಅನೇಕರು ಈಚಿನ ದಶಕಗಳಲ್ಲಿ ಇಲ್ಲಿ ಬಂದು ನೆಲೆಸಿದ್ದಾರೆ. ಹಿತವಾದ ಚಳಿಗಾಲ, ಒಳ್ಳೆಯ ಆಸ್ಪತ್ರೆಗಳು, ಎಲ್ಲಕ್ಕಿಂತ ಮಿಗಿಲಾಗಿ ಸ್ವದೇಶದಲ್ಲಿ ಕೈಗೆ ಬಾಯಿಗೆ ಸಾಲದ ಪಿಂಚಣಿಯಲ್ಲಿಯೇ ಇಲ್ಲಿ ನೆಮ್ಮದಿಯಿಂದ ಬಾಳಬಹುದೆಂಬ ಲೆಕ್ಕಾಚಾರ: ಇವೇ ಕಾರಣಗಳು. ಲೆಕ್ಕಾಚಾರವೆಂದ ಮಾತ್ರಕ್ಕೆ ನಾವು ಅದನ್ನು ಹೀಗಳೆಯುವುದಿಲ್ಲ. ಮುಪ್ಪಿನಲ್ಲಿ ಬಾಡಿಗೆಗೆ ಹೆದರಿ ಬದುಕುವುದು ಯಾವ ಧರ್ಮವೂ ವಿಧಿಸಿದ ತಪಸ್ಸಲ್ಲ.

ಆ ದೇಶದ ಕಾನೂನು ಇಂಥವರ ವಿಷಯದಲ್ಲಿ ಬಹು ಸ್ಪಷ್ಟವಾಗಿದೆ. ಐವತ್ತು ವರ್ಷ ತುಂಬಿದವನು ಅಲ್ಲಿಯ ಬ್ಯಾಂಕಿನಲ್ಲಿ 8,00,000 ಬಾತ್ ಠೇವಣಿ ತೋರಿಸಿದರೆ, ಇಲ್ಲವೆ ತಿಂಗಳಿಗೆ 65,000 ಬಾತ್ ವರಮಾನವನ್ನು ರುಜುವಾತುಪಡಿಸಿದರೆ, ಒಂದು ವರ್ಷ ಇರಲು ಅಪ್ಪಣೆ. ವರ್ಷ ತುಂಬಿದೊಡನೆ ಮತ್ತೆ ಅರ್ಜಿ. 90 ದಿನಗಳಿಗೊಮ್ಮೆ ತಾನು ಇಂಥ ವಿಳಾಸದಲ್ಲಿ ಇದ್ದೇನೆಂದು ವರದಿ ಒಪ್ಪಿಸಬೇಕು. ಮರುಪ್ರವೇಶದ ಪರವಾನಗಿ ಪಡೆಯದೆ ಗಡಿ ದಾಟಿದರೆ ಇದ್ದ ಅಪ್ಪಣೆಯೂ ಹೋಗುತ್ತದೆ. ನೌಕರಿ ಮಾಡಕೂಡದು. ನೆಲವನ್ನು ತನ್ನ ಹೆಸರಿನಲ್ಲಿ ಕೊಳ್ಳಕೂಡದು. ಬಹುಮಹಡಿ ಕಟ್ಟಡದಲ್ಲಿ ಒಂದು ವಾಸದ ಮನೆ ಕೊಳ್ಳಬಹುದು, ಆದರೆ ಕಟ್ಟಡದ ನೂರಕ್ಕೆ 49 ಭಾಗಕ್ಕಿಂತ ಹೆಚ್ಚು ಪರದೇಶದವರದಾಗುವಂತಿಲ್ಲ. ಇಪ್ಪತ್ತು ವರ್ಷ ಅದೇ ಓಣಿಯಲ್ಲಿ ಬಾಳಿದವನೂ ಇಪ್ಪತ್ತೊಂದನೆಯ ವರ್ಷ ಕಾಗದಗಳ ಕಟ್ಟನ್ನು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಇದು ಕಠೋರವೆಂದು ಅನೇಕರು ಗೊಣಗುವುದುಂಟು. ನಮಗಾದರೋ ಈ ಕಾನೂನು ಪ್ರಾಮಾಣಿಕವಾಗಿಯೇ ತೋರುತ್ತದೆ. ನೀನು ಅತಿಥಿ ಎಂಬುದನ್ನು ಅದು ವರ್ಷಕ್ಕೊಮ್ಮೆ ಮುಚ್ಚುಮರೆಯಿಲ್ಲದೆ ನೆನಪಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನಾನು ಯಾರ ಹಂಗಿನಲ್ಲಿಯೂ ಇಲ್ಲ. ಬಾಡಿಗೆ ಕೊಡುತ್ತೇನೆ, ಅಕ್ಕಿಗೆ ಬೆಲೆ ತೆರುತ್ತೇನೆ, ವೈದ್ಯನಿಗೆ ಶುಲ್ಕ ಸಲ್ಲಿಸುತ್ತೇನೆ, ಮನೆಗೆಲಸದವಳಿಗೆ ಊರಿನ ವಾಡಿಕೆಗಿಂತ ಹೆಚ್ಚೇ ಕೊಡುತ್ತೇನೆ, ಹೀಗಿರುವಲ್ಲಿ ನನಗೆ ಋಣವೆಲ್ಲಿಯದು? ಈ ವಾದದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಕೊಟ್ಟು ಕೊಂಡಲ್ಲಿ ವ್ಯವಹಾರ ಮುಗಿಯಿತೆಂಬುದು ಪೇಟೆಯ ನ್ಯಾಯ. ಆದರೆ ನಮ್ಮ ಜನ ಒಂದು ಊರನ್ನು ಬಿಟ್ಟು ಹೊರಡುವಾಗ ‘ಇಲ್ಲಿಯ ನೀರಿನ ಋಣ ತೀರಿತು’ ಎನ್ನುತ್ತಾರೆ. ಅವರಾರೂ ಕೊಳಾಯಿಯ ಬಿಲ್ಲನ್ನು ಮನಸ್ಸಿನಲ್ಲಿಟ್ಟು ಆ ಮಾತನ್ನು ಆಡುವುದಿಲ್ಲ. ಬೆಲೆ ಬೇರೆ, ಋಣ ಬೇರೆ.

ಬೆಲೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. 2025ರಲ್ಲಿ ಆ ದೇಶದ ಕೆಲವೇ ಪ್ರಾಂತಗಳಲ್ಲಿ ಕನಿಷ್ಠ ಕೂಲಿ ದಿನಕ್ಕೆ 400 ಬಾತ್ ಮುಟ್ಟಿತ್ತು. ಉಳಿದೆಡೆ ಅದಕ್ಕಿಂತ ಕಡಿಮೆ. ಒಂದು ದಿನವೂ ರಜೆ ಇಲ್ಲದೆ ಮೂವತ್ತು ದಿನ ದುಡಿದರೂ ಕೂಲಿಯವನ ಕೈಗೆ ಬರುವುದು 12,000 ಬಾತ್. ನಿವೃತ್ತನಿಂದ ಕಾನೂನು ನಿರೀಕ್ಷಿಸುವ ತಿಂಗಳ ವರಮಾನ ಇದರ ಐದು ಪಟ್ಟಿಗೂ ಮಿಕ್ಕದ್ದು. ಅವನ ಪಿಂಚಣಿ ಅಲ್ಲಿ ಹಿಗ್ಗಿ ಕಾಣುವುದು ಅವನ ನಾಣ್ಯದ ಮಹಿಮೆಯಿಂದ ಮಾತ್ರವಲ್ಲ. ಅಲ್ಲಿಯವರ ಶ್ರಮಕ್ಕೆ ಸಿಗುವ ಪ್ರತಿಫಲ ಕುಗ್ಗಿರುವುದರಿಂದಲೂ ಹೌದು. ಇದು ಅವನು ಮಾಡಿದ ಅಪರಾಧವಲ್ಲ. ಆದರೆ ತನ್ನ ಸುಖ ಯಾವ ನೆರಳಿನಲ್ಲಿ ಬೆಳೆದಿದೆಯೆಂದು ತಿಳಿದವನು ಸಂತೆಯಲ್ಲಿ ಹತ್ತು ಬಾತಿಗಾಗಿ ಮುದುಕಿಯೊಡನೆ ಚೌಕಾಸಿ ಮಾಡಲಾರನು.

ಇನ್ನು ಹೊಗೆಯ ಮಾತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಚಿಯಾಂಗ್ ಮಾಯ್ ಸುತ್ತಿನ ಕಾಡುಗಳಲ್ಲಿ ಬೆಂಕಿ ಹತ್ತುತ್ತದೆ. ಪಶುಗಳ ಆಹಾರಕ್ಕೆಂದು ಬೆಳೆದ ಮೆಕ್ಕೆಜೋಳದ ಕೂಳೆಯನ್ನು ಹೊಲಗಳಲ್ಲಿ ಸುಡುತ್ತಾರೆ. ಮ್ಯಾನ್ಮಾರಿನ ಕಡೆಯಿಂದಲೂ ಹೊಗೆ ತೇಲಿಬರುತ್ತದೆ. ಸುತೇಪ್ ಪರ್ವತವೇ ಕಣ್ಣಿಗೆ ಕಾಣದಂತಾಗುವ ದಿನಗಳುಂಟು. ಆಗ ಅನುಕೂಲವಿದ್ದ ನಿವೃತ್ತರು ದಕ್ಷಿಣದ ಕಡಲತೀರಕ್ಕೆ ಹೊರಟುಹೋಗುತ್ತಾರೆ. ಶ್ವಾಸಕೋಶ ದುರ್ಬಲವಾದ ವೃದ್ಧನನ್ನು ಹೋಗಬೇಡವೆನ್ನಲು ನಾವು ಯಾರು? ಆದರೆ ಅವನ ತೋಟಕ್ಕೆ ನೀರು ಹಾಕುವವನಿಗೂ, ಎದುರುಮನೆಯ ಮಗುವಿಗೂ ಅಂಥ ಕಡಲತೀರವಿಲ್ಲ. ಊರು ಸೊಗಸಾಗಿರುವ ಎಂಟೊಂಬತ್ತು ತಿಂಗಳು ಮಾತ್ರ ಊರಿನವನಾಗಿರುವುದು ಒಂದು ಬಗೆಯ ವಾಸ. ಅದಕ್ಕೆ ನೆಲೆಸುವುದೆಂದು ಹೆಸರಿಡುವಾಗ ಸ್ವಲ್ಪ ಸಂಕೋಚವಿರಲಿ.

ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಬ್ರಿಟನ್ನಿನ ಸರ್ಕಾರ ವೃದ್ಧರಿಗೆ ಕೊಡುವ ಪಿಂಚಣಿಯನ್ನು ವರ್ಷವರ್ಷವೂ ಏರಿಸುತ್ತದೆ. ಆದರೆ ಥೈಲಂಡ್, ಕೆನಡ, ಆಸ್ಟ್ರೇಲಿಯ, ನಮ್ಮ ಭಾರತ ಮೊದಲಾದ ದೇಶಗಳಲ್ಲಿ ವಾಸಿಸುವವರಿಗೆ ಈ ಏರಿಕೆ ಇಲ್ಲ. ಅವರ ಮೊತ್ತ ಮೊದಲಿದ್ದಲ್ಲಿಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಅಮೆರಿಕದಲ್ಲಿಯೋ ಫಿಲಿಪ್ಪೀನ್ಸಿನಲ್ಲಿಯೋ ಇದ್ದರೆ ಏರುತ್ತದೆ! ಹೀಗೆ ಹೆಪ್ಪುಗಟ್ಟಿದ ಪಿಂಚಣಿಯವರು ನಾಲ್ಕು ಲಕ್ಷಕ್ಕೂ ಮಿಕ್ಕಿದ್ದಾರೆ. ಇವರ ಪೈಕಿ 13 ಮಂದಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ, 2010ರ ಮಾರ್ಚಿಯಲ್ಲಿ ಸೋತರು. ಜೀವಮಾನವೆಲ್ಲ ತೆತ್ತ ವಂತಿಗೆ ಒಬ್ಬೊಬ್ಬನ ಸ್ವಂತ ಠೇವಣಿಯಲ್ಲ. ಅದು ಒಂದು ಸಮಾಜದ ಒಟ್ಟು ಏರ್ಪಾಡಿನ ಭಾಗ. ಆ ಸಮಾಜದಲ್ಲಿ ವಾಸಿಸುವವನೂ ಹೊರಗೆ ವಾಸಿಸುವವನೂ ಈ ವಿಷಯದಲ್ಲಿ ಸಮಾನಸ್ಥಿತಿಯವರಲ್ಲ ಎಂಬುದು ತೀರ್ಪಿನ ತಾತ್ಪರ್ಯ.

ಒಂದು ಗಡಿಯಾಚೆ ಏರುವ ಹಣ ಇನ್ನೊಂದು ಗಡಿಯಾಚೆ ಏರದಿರುವುದನ್ನು ನ್ಯಾಯವೆಂದು ಒಪ್ಪಲು ನಮ್ಮ ಮನಸ್ಸು ಹಿಂಜರಿಯುತ್ತದೆ. ಆ ವೃದ್ಧರ ದೂರು ಸಾಧುವಾದದ್ದೇ. ಆದರೂ ತೀರ್ಪಿನ ಒಳಗಿರುವ ತತ್ತ್ವವನ್ನು ನಿವೃತ್ತನು ತಾನಿರುವ ಕಡೆಗೂ ತಿರುಗಿಸಿ ನೋಡಬೇಕು. ಒಟ್ಟಿಗೆ ಬಾಳುವುದರಿಂದಲೇ ಪರಸ್ಪರರ ಹೊಣೆ ಹುಟ್ಟುವುದಾದರೆ, ಅವನು ಈಗ ಯಾರೊಡನೆ ಒಟ್ಟಿಗೆ ಬಾಳುತ್ತಿದ್ದಾನೆ? ತನಗೆ ಬರಬೇಕಾದ ಬಾಕಿಯನ್ನು ಬಿಟ್ಟುಬಂದ ದೇಶದ ಕಡೆಗೆ ಬೆರಳುಮಾಡಿ ದಿನವೂ ಎಣಿಸುವವನು, ತಾನು ಕೊಡಬೇಕಾದದ್ದನ್ನು ಬಂದು ಸೇರಿದ ಊರಿನಲ್ಲಿ ಎಂದಾದರೂ ಎಣಿಸಿದ್ದಾನೆಯೆ?

‘ಕೊಡುವುದಾದರೂ ಹೇಗೆ? ಆ ದೇಶವೇ ನನ್ನನ್ನು ದುಡಿಯಗೊಡುವುದಿಲ್ಲವಲ್ಲ!’ ಎಂದು ಅವನು ಕೇಳಿಯಾನು. ಈ ತೊಡಕು ನಿಜವಾದದ್ದು. ಋಣವುಂಟು, ತೀರಿಸುವ ಹಾದಿ ಮುಚ್ಚಿದೆ. ನಮ್ಮ ಅಭಿಪ್ರಾಯದಲ್ಲಿ ಅವನು ಕೊಡಬಲ್ಲ ಮೊದಲ ವಸ್ತು ಅವನ ಹಿರಿತನವೇ. ಥಾಯ್ ಭಾಷೆಯಲ್ಲಿ ಐದು ಸ್ವರಭೇದಗಳಿವೆ. ಒಂದೇ ಅಕ್ಷರಗಳ ಶಬ್ದ ಸ್ವರ ಬದಲಾದರೆ ಅರ್ಥವೇ ಬದಲಾಗುತ್ತದೆ. ಅದರ ಮೇಲೆ ಚಿಯಾಂಗ್ ಮಾಯ್ ಕಡೆಯ ಮನೆಮಾತು ಬೇರೆಯೇ. ಮೂವತ್ತು ವರ್ಷ ಕಛೇರಿಯಲ್ಲಿ ಆಜ್ಞೆ ಮಾಡಿದವನು ಎಪ್ಪತ್ತರಲ್ಲಿ ತರಕಾರಿಯ ಹೆಸರನ್ನು ತಪ್ಪಾಗಿ ಉಚ್ಚರಿಸಿ ಅಂಗಡಿಯವನ ಹುಡುಗಿಯಿಂದ ತಿದ್ದಿಸಿಕೊಳ್ಳಬೇಕು, ಮರುದಿನವೂ ತಪ್ಪಬೇಕು. ಇದರಲ್ಲಿ ಅವಮಾನವನ್ನು ಕಂಡವನು ತನ್ನ ಭಾಷೆಯವರ ಕೂಟಗಳಲ್ಲಿಯೇ ಹತ್ತು ವರ್ಷ ಕಳೆದುಬಿಡುತ್ತಾನೆ. ಕಲಿಯುವವನ ಸ್ಥಾನದಲ್ಲಿ ಕುಳಿತವನಿಗೆ ಮಾತ್ರ ನೆರೆಯವರು ಒಂದಿಷ್ಟು ಕಟ್ಟುಪಾಡು ಹೊರಿಸುವ ಧೈರ್ಯ ಮಾಡುತ್ತಾರೆ: ನಾಳೆ ನಮ್ಮ ಮನೆಯ ಕಾರ್ಯಕ್ಕೆ ಬನ್ನಿ, ಮಗುವನ್ನು ಒಂದು ಗಳಿಗೆ ನೋಡಿಕೊಳ್ಳಿ, ಎಂದು. ಯಾರೂ ಏನನ್ನೂ ಕೇಳದ ನೆಮ್ಮದಿಯನ್ನು ಅರಸಿ ಬಂದವನು, ಯಾರಾದರೂ ಏನಾದರೂ ಕೇಳಿದ ದಿನವೇ ಆ ಊರಿಗೆ ಸೇರುತ್ತಾನೆ.

(ನ್ಯೂಜೆರ್ಸಿಯ ಮಗನ ಮನೆಗೆ ಹೋಗಿ ನೆಲೆಸುವ ನಮ್ಮ ತಂದೆತಾಯಂದಿರ ಅವಸ್ಥೆ ಇದರ ವಿಪರ್ಯಾಸ. ಅವರಿಗೆ ಮೊಮ್ಮಕ್ಕಳ ಹೊಣೆ ಬೇಕಾದಷ್ಟಿದೆ, ಹೊಸ್ತಿಲಾಚೆಯ ಊರೇ ಇಲ್ಲ. ಅದನ್ನು ಬೇರೆಯಾಗಿಯೇ ವಿಚಾರಮಾಡಬೇಕು.)

ಡಬ್ಲ್ಯು. ಎ. ಆರ್. ವುಡ್ ಎಂಬ ಆಂಗ್ಲೇಯನ ಜೀವನ ಇಲ್ಲಿ ಸ್ಮರಣೀಯ. ಹದಿನೆಂಟರ ವಯಸ್ಸಿನಲ್ಲಿ, 1896ರಲ್ಲಿ, ಅಂದಿನ ಸಯಾಮಿಗೆ ಬಂದು, ಬ್ರಿಟಿಷ್ ಕಾನ್ಸಲ್ ಆಗಿ ದುಡಿದು, ಅಲ್ಲಿಯವಳನ್ನೇ ವಿವಾಹವಾಗಿ, 1926ರಲ್ಲಿ ಆ ದೇಶದ ಇತಿಹಾಸವನ್ನು ಬರೆದನು. 1931ರಲ್ಲಿ ನಿವೃತ್ತನಾದ ಮೇಲೆ ಚಿಯಾಂಗ್ ಮಾಯ್‌ನಲ್ಲಿಯೇ ಉಳಿದು, 1970ರಲ್ಲಿ ಅಲ್ಲಿಯೇ ತೀರಿಕೊಂಡನು. ಅವನ ನಿವೃತ್ತಿ ಮೂವತ್ತೈದು ವರ್ಷಗಳ ಬಾಳ್ವೆಯ ಮುಂದುವರಿಕೆಯಾಗಿತ್ತು. ಇಂದು ಅರವತ್ತೈದರಲ್ಲಿ ವಿಮಾನದಿಂದ ಇಳಿಯುವವನಿಗೆ ಆ ಮೂವತ್ತೈದು ವರ್ಷಗಳಿಲ್ಲ. ಆದುದರಿಂದ ವುಡ್‌ನಂತೆ ಆಗೆಂದು ಅವನಿಗೆ ಉಪದೇಶಿಸುವುದು ನ್ಯಾಯವಲ್ಲ. ತನಗಿರುವ ಅವಧಿ ಅಲ್ಪವೆಂದು ತಿಳಿದು ಬೇಗ ಆರಂಭಿಸಲೆಂದು ಮಾತ್ರ ಹೇಳಬಹುದು.

ವುಡ್‌ನನ್ನು ಹೂಳಿದ್ದು, ಪರದೇಶದವರಿಗಾಗಿ 1898ರಲ್ಲಿ ಚುಲಾಲೊಂಗ್‌ಕಾರ್ನ್ ದೊರೆಯು ಕೊಟ್ಟ ಸ್ಮಶಾನಭೂಮಿಯಲ್ಲಿ. ಬದುಕಿರುವಾಗ ತನ್ನ ಹೆಸರಿನಲ್ಲಿ ಅಂಗುಲ ನೆಲ ಕೊಳ್ಳಲಾಗದವನಿಗೂ ಸತ್ತಮೇಲೆ ಆರಡಿ ನೆಲ ಆ ದೇಶದಲ್ಲಿ ದೊರೆತೀತು. ಇಂದು ಅನೇಕ ನಿವೃತ್ತರ ದಹನ ಊರಿನ ವಿಹಾರದಲ್ಲಿಯೇ ಆಗುತ್ತದೆ. ಹಲವು ರಾತ್ರಿ ಭಿಕ್ಷುಗಳ ಪಾರಾಯಣ. ನೆರೆಹೊರೆಯವರು ಬಂದು ಕೂರುತ್ತಾರೆ, ಅಡಿಗೆ ಮಾಡುತ್ತಾರೆ. ಹೊರಲು ನಾಲ್ಕು ಜನ ಬೇಕೆಂಬ ನಮ್ಮ ಊರಿನ ಮಾತು ಅಲ್ಲಿಗೂ ಸಲ್ಲುತ್ತದೆ. ಆ ನಾಲ್ವರ ಹೆಗಲಿಗೆ ಯಾವ ಠೇವಣಿಯಿಂದಲೂ ಬೆಲೆ ಕಟ್ಟಲಾಗದು, ತೀರಿಸಲು ಮರುದಿನ ಅವನು ಇರುವುದೂ ಇಲ್ಲ.

ಏಪ್ರಿಲ್ ಮಧ್ಯದಲ್ಲಿ ಅಲ್ಲಿ ಸೊಂಗ್‌ಕ್ರಾನ್ ಹಬ್ಬ. ಹೆಸರು ನಮ್ಮ ಸಂಕ್ರಾಂತಿಯೇ, ಕಾಲ ಮೇಷಸಂಕ್ರಮಣದ್ದು. ತುಳುನಾಡಿನಲ್ಲಿ ಬಿಸು ಆಚರಿಸಿ ಕಿರಿಯರು ಹಿರಿಯರಿಗೆ ನಮಸ್ಕರಿಸುವ ದಿನಗಳಲ್ಲಿಯೇ ಬರುತ್ತದೆ. ಬೀದಿಯಲ್ಲಿ ನೀರೆರಚುವ ಗದ್ದಲವನ್ನು ಪ್ರವಾಸಿಗರೆಲ್ಲರೂ ಬಲ್ಲರು. ಮನೆಯೊಳಗೆ ನಡೆಯುವುದು ಬೇರೆ. ಸುವಾಸಿತ ಜಲವನ್ನು ಬೋಗುಣಿಯಲ್ಲಿ ತಂದು ಕಿರಿಯರು ಹಿರಿಯರ ಅಂಗೈಗಳ ಮೇಲೆ ಸುರಿದು, ವರ್ಷದಲ್ಲಿ ಅರಿತೋ ಅರಿಯದೆಯೋ ಮಾಡಿದ ತಪ್ಪುಗಳಿಗೆ ಕ್ಷಮೆ ಬೇಡುತ್ತಾರೆ. ಉತ್ತರದ ಕಡೆ ಆ ನೀರಿನಲ್ಲಿ ಹಾಕುವುದು ನಾವು ತಲೆಗೆ ಉಜ್ಜಿಕೊಳ್ಳುವ ಸೀಗೆಕಾಯಿಯನ್ನೇ. ಓಣಿಯ ಹಿರಿಯರ ಸಾಲಿನಲ್ಲಿ ಪರದೇಶದ ಮುದುಕನನ್ನೂ ಕರೆದು ಕುರ್ಚಿ ಹಾಕುವುದುಂಟು. ತಪ್ಪುಗಳ ಲೆಕ್ಕದಲ್ಲಿ ಬೇಡಬೇಕಾದವನು ತಾನೇ ಎಂದು ಅವನಿಗೆ ಅನ್ನಿಸಿದರೂ, ಆ ದಿನ ಬೇಡುವ ಸರದಿ ಅವನದಲ್ಲ. ಅವರ ಭಾಷೆಯಲ್ಲಿ ನಾಲ್ಕು ಮಾತು ಹರಸಬೇಕು. ಸೀಗೆಯ ನೀರು ಬೆರಳ ಸಂದಿನಿಂದ ಇಳಿದು ಕೆಳಗಿನ ಬಟ್ಟಲಿಗೆ ಬೀಳುವಷ್ಟು ಹೊತ್ತು ಮಾತ್ರ ಅವನಿಗೆ ಸಮಯವಿರುತ್ತದೆ.